ಹಿತ್ತಿಲ ಒಲೆಯ ಕಾವು ಹೋದದ್ದೆಲ್ಲಿಗೆ

ಹೋದ ಧನುರ್ಮಾಸದ ಒಂದು ಭಾನುವಾರ ಸಂಜೆ ಆರು ಗಂಟೆ ನಲವತ್ತು ನಿಮಿಷಕ್ಕೆ ನಾನು ಗುರುಪುರದ ನಮ್ಮ ಮನೆಯ ಹಿತ್ತಿಲಿನಲ್ಲಿ, ಅಡುಗೆಮನೆಯ ಹಿಂಬಾಗಿಲಿನಿಂದ ಹನ್ನೊಂದು ಅಡಿ ಪೂರ್ವಕ್ಕೆ, ಹೊಸ ಒಲೆಯ ಬಾಯಿಯಿಂದ ಮೂರೂವರೆ ಅಡಿ ದೂರದಲ್ಲಿ, ಬಲಗೈಯಲ್ಲಿ ಬೆಂಕಿಪೊಟ್ಟಣ ಹಿಡಿದುಕೊಂಡು ನಿಂತಿದ್ದೆ. ಇದರಲ್ಲಿ ಒಂದಂಗುಲವೂ ಹೆಚ್ಚುಕಡಿಮೆ ಇಲ್ಲ. ಮೂವತ್ತೊಂದು ವರ್ಷ ಊರವರ ಜಮೀನು ಅಳೆದು ನಿವೃತ್ತನಾದ ಸರ್ವೆಯರ್ ನಾನು. ಯಾರ ಬದು ಯಾರ ಹೊಲದೊಳಗೆ ಎಷ್ಟು ಗೇಣು ನುಗ್ಗಿದೆ ಎಂದು ನಿಂತಲ್ಲೇ ಹೇಳಬಲ್ಲೆ. ನನ್ನ ಸ್ವಂತ ಮನೆಯ ಗೋಡೆಯ ಆಚೆ ಏನು ನಡೆಯುತ್ತಿದೆ ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ. ಅಂದು ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಇದಕ್ಕೆಲ್ಲ ಮೂಲ ಒಂದು ಮದುವೆ. ಗೆಳೆಯನ ಮಗಳ ಮದುವೆಗೆಂದು ಕುಟ್ಟದ ಕಡೆಗೆ ಒಬ್ಬನೇ ಹೋದಾಗ ನನ್ನನ್ನು ಒಂದು ಹೋಂಸ್ಟೇಯಲ್ಲಿ ಇಳಿಸಿದ್ದರು. ಅದರ ಹಿಂದೆ ಚಪ್ಪಡಿ ಹಾಸಿದ ಒಂದು ಅಂಗಳ, ಒಂದು ಬದಿಯಲ್ಲಿ ಕಲ್ಲು ಕಟ್ಟಿ ಮಾಡಿದ ಬೆಂಕಿಯ ಗೂಡು, ಸುತ್ತ ಬೆತ್ತದ ಕುರ್ಚಿಗಳು. ಅಲ್ಲಿ ನಾನು ನಲವತ್ತು ನಿಮಿಷ ಕೂತಿದ್ದೆ. ಕೈಯಲ್ಲಿ ಕಾಫಿ, ಮುಂದೆ ಬೆಂಕಿ, ಕೂಗಿ ಕರೆದರೆ ಕೇಳಿಸದಷ್ಟು ದೂರದಲ್ಲಿ ಹೆಂಡತಿ. ಮನುಷ್ಯ ದುಡಿದು ದಣಿದ ಮೇಲೆ ಸೇರಬೇಕಾದ ಜಾಗ ಇದೇ ಎನಿಸಿತು. ಅಲ್ಲಿಯ ಯಜಮಾನರು ಇದಕ್ಕೆ ‘ಪ್ಯಾಟಿಯೋ’ ಅಂತಾರೆ ಎಂದರು. ಆ ಮಾತನ್ನು ಬಾಯಲ್ಲಿ ಚಪ್ಪರಿಸಿಕೊಂಡೇ ಊರಿಗೆ ಬಂದೆ.

ನನ್ನ ಹೆಂಡತಿ ಸುಶೀಲ ಎಲ್ಲ ಕೇಳಿಸಿಕೊಂಡು, “ಬಯಲಲ್ಲಿ ಬೆಂಕಿ ಹಾಕ್ಕೊಂಡು ಕೂರೋದನ್ನ ಕಲಿಯೋಕೆ ಕುಟ್ಟಕ್ಕೆ ಹೋಗ್ಬೇಕಿತ್ತೇನ್ರೀ? ನಮ್ಮೂರಲ್ಲಿ ಕುರಿ ಕಾಯೋರು ದಿನಾ ಕೂತಿರ್ತಾರೆ” ಎಂದಳು. ಹಿತ್ತಿಲಿನಲ್ಲಿ ಹನ್ನೆರಡು ಅಡಿಗೆ ಹದಿನಾಲ್ಕು ಅಡಿ ಜಾಗ ಅಳೆದು ಗೂಟ ಹೊಡೆದೆ. ಆ ಜಾಗದ ನಟ್ಟನಡುವೆ ಅವಳ ಬಟ್ಟೆ ಒಗೆಯುವ ಕಲ್ಲಿತ್ತು, ಮೇಲೆ ಬಟ್ಟೆ ಹರವುವ ತಂತಿಯಿತ್ತು. ಕಲ್ಲನ್ನು ಉರುಳಿಸಿ ನಲ್ಲಿಯ ಪಕ್ಕಕ್ಕೆ ಹಾಕಿಸಿದೆ. ತಂತಿ ಬಿಚ್ಚಿ ಸುತ್ತಿಟ್ಟೆ. ಅದಾದ ಮೇಲೆ ನಾಲ್ಕು ದಿನ ನನ್ನ ತಟ್ಟೆಗೆ ಮುದ್ದೆ ಬೀಳುತ್ತಿದ್ದ ಸದ್ದಿನಿಂದಲೇ ಅವಳ ಅಭಿಪ್ರಾಯ ತಿಳಿಯುತ್ತಿತ್ತು.

ಇಲ್ಲಿ ನಮ್ಮ ಮಾವನವರ ವಿಷಯ ಹೇಳಬೇಕು. ಸುಶೀಲಳ ತಂದೆ, ವಯಸ್ಸು ಎಂಬತ್ತನಾಲ್ಕು, ಪಿರಿಯಾಪಟ್ಟಣದ ಕಡೆಯವರು, ಜೀವಮಾನವೆಲ್ಲ ಹೊಗೆಸೊಪ್ಪು ಬೆಳೆದವರು. ಅತ್ತೆ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿದ್ದಾರೆ. ಅವರ ಕೋಣೆ ಮನೆಯ ಹಿಂಭಾಗದಲ್ಲಿದೆ. ಮೊದಲು ರಾಗಿ ಮೂಟೆ ಇಡುತ್ತಿದ್ದ ಕೋಣೆ ಅದು, ಬಿಸಿಲು ಬೀಳುವುದಿಲ್ಲ. ಚಳಿಗಾಲ ಬಂದರೆ ಅವರ ಮಂಡಿ ಹಿಡಿದುಕೊಳ್ಳುತ್ತದೆ. ಸುಶೀಲ ನನಗೆ ಇದನ್ನು ಮೂರು ಸಲ ಹೇಳಿದ್ದಳು. ಮೂರನೆಯ ಸಲ, “ಅಪ್ಪನಿಗೆ ಆ ರೂಮು ಥಂಡಿ ಕಣ್ರೀ. ಭಾನುವಾರ ಅಣ್ಣ ಬಂದು ಸಾಲಿಗ್ರಾಮಕ್ಕೆ ತನ್ನ ಮನೆಗೆ ಕರ್ಕೊಂಡು ಹೋಗ್ತಾನಂತೆ. ಈ ವಯಸ್ಸಲ್ಲಿ ಒಂದ್ಸಲ ಹೋದ್ರೆ ಮತ್ತೆ ಇಲ್ಲಿಗೆ ಬರೋದು ಸುಳ್ಳು” ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು. ನಾನು ಕೊಟ್ಟ ಉತ್ತರ ನನಗೆ ಅಕ್ಷರಶಃ ನೆನಪಿದೆ. “ಭಾನುವಾರವಾ? ಒಳ್ಳೇದಾಯ್ತು ಬಿಡು, ಅಷ್ಟೊತ್ತಿಗೆ ಗಾರೆ ಒಣಗಿರುತ್ತೆ. ನಿಮ್ಮಣ್ಣನೂ ಪ್ಯಾಟಿಯೋ ನೋಡಿದ ಹಾಗಾಗುತ್ತೆ.”

ಒಲೆ ಕಟ್ಟಲು ಬಂದವನು ಸಣ್ಣಯ್ಯ ಮೇಸ್ತ್ರಿ. ಈ ಸುತ್ತಿನ ಹೊಗೆಸೊಪ್ಪಿನ ಬ್ಯಾರನ್‌ಗಳಲ್ಲಿ ಮುಕ್ಕಾಲು ಪಾಲು ಅವನ ಕೈಯವೇ. ಬ್ಯಾರನ್ ಎಂದರೆ ಸೊಪ್ಪು ಬೇಯಿಸುವ ಎತ್ತರದ ಕೋಣೆ. ಒಲೆಯ ಬಾಯಿ ಗೋಡೆಯ ಹೊರಗಿರುತ್ತದೆ. ಸೌದೆ ಹಾಕುವವನು ಹೊರಗೇ ಕೂರುತ್ತಾನೆ. ಬೆಂಕಿಯ ಕಾವು ಗೋಡೆ ತೂರಿ ತಗಡಿನ ಕೊಳವೆಯಲ್ಲಿ ಕೋಣೆಯನ್ನೆಲ್ಲ ಸುತ್ತುತ್ತದೆ, ಹೊಗೆ ಆಚೆ ಬದಿಯ ಚಿಮಣಿಯಿಂದ ಹೋಗುತ್ತದೆ. ಒಳಗೆ ಕಡ್ಡಿಗೆ ಕಟ್ಟಿ ತೂಗುಹಾಕಿದ ಸೊಪ್ಪು ಬೆಂದು ಹೊಂಬಣ್ಣಕ್ಕೆ ತಿರುಗುತ್ತದೆ, ಹೊರಗೆ ಕೂತವನು ಚಳಿಯಲ್ಲಿ ನೀಲಿಗೆ ತಿರುಗುತ್ತಾನೆ. ಹೊರಗೆ ಕಾವು ಸೋರಿದಷ್ಟೂ ಮೇಸ್ತ್ರಿಗೆ ಕೆಟ್ಟ ಹೆಸರು. ಇದೆಲ್ಲ ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಈ ಸೀಮೆಯಲ್ಲಿ ಅದು ಗೊತ್ತಿಲ್ಲದ ಮಗುವೂ ಇಲ್ಲ.

ನಾನು ಸಣ್ಣಯ್ಯನಿಗೆ ನಕ್ಷೆ ಕೊಟ್ಟೆ. ಸರ್ವೆಯರ್ ಬರೆಯುವುದು ಮೇಲಿನಿಂದ ಕಂಡಂತೆ ನೆಲದ ನಕ್ಷೆ. ನಾಲ್ಕು ಗೆರೆ, ನಾಲ್ಕು ಅಳತೆ, ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ. ಮನೆಯ ಗೋಡೆಗೆ ಒರಗಿದ ಒಂದು ಚೌಕದಲ್ಲಿ ‘ಒಲೆ’ ಎಂದು ಬರೆದಿದ್ದೆ. ಸಣ್ಣಯ್ಯ ಕಾಗದವನ್ನು ಎರಡು ಸಲ ತಿರುಗಿಸಿ ನೋಡಿ ಕೇಳಿದ, “ಇದು ದೊಡ್ಡಯ್ಯೋರ ರೂಮಿನ ಗ್ವಾಡೆ ಅಲ್ವಾ ಸಾ?”

“ಹೌದು, ಮಾವನವರದ್ದೇ.”

“ಅಂಗಾರೆ ಸರಿ. ಒಗೆ ಎಂಗೆ?”

“ನಮ್ಮ ಕಡೆ ಒಂದು ಎಳೆ ಹೊಗೆ ಬರಬಾರದು ನೋಡು.”

“ಒಗೆ ಬುಡಿ ಸಾ, ಒಂದ್ ಚೂರು ಕಾವೂ ಆಚಿಕ್ ಓಗಾಕಿಲ್ಲ. ಅಂಗ್ ಕಟ್‌ಕೊಡ್ತೀನಿ!”

ಆ ಮಾತು ನನಗೆ ಎಷ್ಟು ಹಿಡಿಸಿತೆಂದರೆ ಅವನಿಗೆ ಇನ್ನೊಂದು ಲೋಟ ಕಾಫಿ ತರಿಸಿದೆ.

ಮುಂದಿನ ಒಂದು ವಾರ ನಾನು ಚಪ್ಪಡಿಗಳ ಮೇಲೆ ರಸಮಟ್ಟ ಇಟ್ಟುಕೊಂಡು ಬೋರಲು ಬಿದ್ದಿದ್ದೆ. ನೀರು ನಿಲ್ಲದ ಹಾಗೆ ಹನ್ನೆರಡು ಅಡಿಗೆ ಒಂದೂವರೆ ಅಂಗುಲ ಇಳಿಜಾರು ಕೊಟ್ಟದ್ದು ನಾನೇ. ಈ ನಡುವೆ ಕೆಲವು ಸಂಗತಿಗಳು ನನ್ನ ಕಣ್ಣಿಗೂ ಕಿವಿಗೂ ಬಿದ್ದವು. ಮಾವನವರ ಕೋಣೆಯಲ್ಲಿ ಎರಡು ದಿನ ಸುತ್ತಿಗೆಯ ಸದ್ದಾಯಿತು, ಮೊಳೆ ಹೊಡೆಸುತ್ತಿದ್ದಾರೆ ಎಂದುಕೊಂಡೆ. ಒಲೆಯ ಬಾಯಿಗೆ ಕಬ್ಬಿಣದ ಬಾಗಿಲು ಬಂತು, ಮಳೆಗೆ ಇರಬೇಕು ಎಂದುಕೊಂಡೆ. ಒಲೆ ಇರುವುದು ಪೂರ್ವದಲ್ಲಿ. ಚಿಮಣಿ ಎದ್ದದ್ದು ಆ ಕೋಣೆಯ ಪಶ್ಚಿಮಕ್ಕೆ, ಓಣಿಯ ಬದಿಗೆ. ನಾನು ತೂಗುಗುಂಡು ಬಿಟ್ಟು ನೋಡಿದೆ, ಚಿಮಣಿ ಕೂದಲೆಳೆಯಷ್ಟೂ ವಾಲಿರಲಿಲ್ಲ. ಎರಡು ಬಿಂದುಗಳ ನಡುವೆ ಗೆರೆ ಎಳೆದೇ ಅನ್ನ ತಿಂದವನು ನಾನು. ಪೂರ್ವದ ಒಲೆಯ ಹೊಗೆ ಪಶ್ಚಿಮದ ಚಿಮಣಿಗೆ ಯಾವ ದಾರಿಯಲ್ಲಿ ಹೋಗುತ್ತದೆ ಎಂಬ ಪ್ರಶ್ನೆ ಮಾತ್ರ ನನಗೆ ಹುಟ್ಟಲಿಲ್ಲ.

ಇನ್ನೊಂದು ವಿಚಿತ್ರ ಎಂದರೆ ಸುಶೀಲ ಇದ್ದಕ್ಕಿದ್ದಂತೆ ಮೆತ್ತಗಾದಳು. ಕಾಫಿಗೆ ಗಟ್ಟಿ ಹಾಲು ಬಂತು. ಗಾರೆ ಮೆತ್ತಿದ ನನ್ನ ಪಂಚೆಯನ್ನು ಒಂದು ಮಾತೂ ಆಡದೆ ಒಗೆದು ಹಾಕಿದಳು. ಒಂದು ಮಧ್ಯಾಹ್ನ ನನ್ನನ್ನೇ ನೋಡುತ್ತ ನಿಂತು, “ನಿಮ್ಮನ್ನ ನಾನು ಇಷ್ಟು ವರ್ಷ ಸರಿಯಾಗಿ ತಿಳ್ಕೊಂಡಿರ್ಲಿಲ್ಲ ಅನ್ಸುತ್ತೆ” ಎಂದಳು. ಚಪ್ಪಡಿಯ ಇಳಿಜಾರು ಅವಳಿಗೂ ಅರ್ಥವಾಯಿತಲ್ಲ ಎಂದು ನನಗೆ ಸಂತೋಷವಾಯಿತು.

ಭಾನುವಾರ ಬಂತು. ಸುಶೀಲಳ ಅಣ್ಣ ಶಿವಣ್ಣ ಸಾಲಿಗ್ರಾಮದಿಂದ ಕಾರಿನಲ್ಲಿ ಬಂದ. ಮಾವನವರ ಚೀಲ ನಡುಮನೆಯ ಬಾಗಿಲಲ್ಲಿ ಸಿದ್ಧವಾಗಿತ್ತು. “ಕತ್ತಲಾಗ್ತಾ ಬಂತು, ಹೊರಡ್ತೀವಿ ಭಾವ” ಎಂದ ಶಿವಣ್ಣನನ್ನು ನಾನು ಹಿಡಿದು ಹಿತ್ತಿಲಿಗೆ ಎಳೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದೆ. ಸುಶೀಲ ಬಂದು ಕೂತಳು. ತನ್ನ ಕೆಲಸ ತಾನೇ ನೋಡಲು ಸಣ್ಣಯ್ಯ ತಲೆಗೆ ಮಫ್ಲರ್ ಸುತ್ತಿಕೊಂಡು ಬಂದಿದ್ದ. ನಾನು ಕಡ್ಡಿ ಗೀರಿದೆ. ಸಿಲ್ವರ್ ಮರದ ಒಣ ಸೌದೆ, ಒಂದೇ ಸಲಕ್ಕೆ ಭುಗ್ಗೆಂದು ಹತ್ತಿಕೊಂಡಿತು. ಜ್ವಾಲೆ ನಮ್ಮ ಕಡೆ ಬರಬೇಕಾದದ್ದು ಬೆನ್ನು ತಿರುಗಿಸಿ, ಯಾರೋ ಹಗ್ಗ ಕಟ್ಟಿ ಎಳೆದ ಹಾಗೆ, ಗೋಡೆಯ ಒಳಕ್ಕೆ ನುಗ್ಗಿತು. ಸಣ್ಣಯ್ಯ ಮುಂದೆ ಬಂದು ಕಬ್ಬಿಣದ ಬಾಗಿಲು ಮುಚ್ಚಿ ಚಿಲಕ ಹಾಕಿದ.

ನಾವು ನಾಲ್ಕು ಜನ ಆ ಬಾಗಿಲನ್ನು ನೋಡುತ್ತ ಕೂತೆವು. ಚೆನ್ನಾಗಿ ಬಣ್ಣ ಬಳಿದ ಬಾಗಿಲು. ಐದು ನಿಮಿಷ ಕಳೆಯಿತು. ಶಿವಣ್ಣ ಟಿಬೆಟಿಯನ್ನರ ಹತ್ತಿರ ಕೊಂಡ ಸ್ವೆಟರಿನ ಕತ್ತನ್ನು ಮೂಗಿನವರೆಗೆ ಎಳೆದುಕೊಂಡ. “ಭಾವ, ಬೆಂಕಿ ಎಲ್ಲಿ?” ಎಂದ.

“ಬಾಗಿಲು ತೆಗಿ ಸಣ್ಣಯ್ಯ” ಎಂದೆ.

“ಐ, ತಗದ್ರೆ ಕಾವು ಆಚಿಕ್ ಬತ್ತದೆ ಸಾ.”

“ಆಚೆ ಬರಲಿ ಅಂತಲೇ ಅಲ್ಲವೇನಯ್ಯಾ ಕಟ್ಟಿಸಿದ್ದು!”

ಸಣ್ಣಯ್ಯ ನನ್ನನ್ನು ಕರುಣೆಯಿಂದ ನೋಡಿದ. “ಆಚಿಕ್ ಬಂದ್ರೆ ಒಳಗಿರೋರ್ ಗತಿ ಏನ್ ಸಾ?”

ಒಳಗಿರೋರು ಎಂಬ ಮಾತು ಕಿವಿಗೆ ಬಿದ್ದದ್ದೂ ಗೋಡೆಯ ಆಚೆಯಿಂದ ಮಾವನವರ ಕೂಗು ಕೇಳಿಸಿದ್ದೂ ಒಟ್ಟಿಗೆ. ಎಂಬತ್ತನಾಲ್ಕು ವರ್ಷದ ಮುದುಕರನ್ನು ಸೊಪ್ಪಿನ ಹಾಗೆ ಬೇಯಿಸಿಬಿಟ್ಟೆನೆ? ಹನ್ನೊಂದು ಅಡಿಯನ್ನು ಮೂರು ಹೆಜ್ಜೆಗೆ ದಾಟಿ, ಅಡುಗೆಮನೆ ಹಾದು, ಆ ಕೋಣೆಯ ಬಾಗಿಲು ನೂಕಿದೆ. ಕಾವು ಮುಖಕ್ಕೆ ರಾಚಿತು. ಮೂರು ಗೋಡೆಗಳ ಬುಡದಲ್ಲಿ ಮಿಣಮಿಣ ಮಿನುಗುವ ಹೊಸ ತಗಡಿನ ಕೊಳವೆ ಸುತ್ತು ಹಾಕಿತ್ತು. ಮೇಲೆ ಈ ಗೋಡೆಯಿಂದ ಆ ಗೋಡೆಗೆ ಸುಶೀಲಳ ಬಟ್ಟೆಯ ತಂತಿ, ಅದರ ಮೇಲೆ ಅವಳ ಸೀರೆಗಳು, ನನ್ನ ಪಂಚೆ, ಎಲ್ಲ ಗರಿಗರಿಯಾಗಿ ಜೋತಾಡುತ್ತಿದ್ದವು. ನಡುವೆ ಮಂಚದ ಮೇಲೆ ಮಾವನವರು ಬರಿಮೈಯಲ್ಲಿ, ಹೆಗಲಿಗೊಂದು ಟವೆಲು ಹಾಕಿಕೊಂಡು, ಎರಡು ಕಾಲನ್ನೂ ನೀಡಿ ಕೂತಿದ್ದರು. ಹಣೆಯಲ್ಲಿ ಬೆವರಿನ ಹನಿಗಳಿದ್ದವು. ಕಾಲನ್ನು ಮಡಚಿದರು, ನೀಡಿದರು, ಮತ್ತೆ ಮಡಚಿದರು.

“ಏನಾಯ್ತು ಮಾವ, ಕೂಗಿದಿರಲ್ಲ?”

“ಇನ್ನೊಂದ್ ಸೌದೆ ಆಕಿ ಅಂತ ಕೂಗ್ದೆ ಅಳಿಯಂದ್ರೇ. ಮಂಡಿ ನೋಡ್ರಿ, ಎಂಗ್ ಮಡಚ್ತದೆ!”

ಅಷ್ಟರಲ್ಲಿ ಶಿವಣ್ಣ ಬಾಗಿಲಿಗೆ ಬಂದ. ಮಾವನವರು ಅವನ ಕಡೆ ತಿರುಗಿದರು. “ಲೇ ಶಿವ, ನೋಡ್ಲಾ. ಎತ್ತ ಮಗ ನೀನು. ನಾನ್ ಥಂಡಿ ಅಂದ್ರೆ ನೀನು ಕಂಬಳಿ ಕಳುಸ್ದೆ. ನನ್ನ ಅಳಿಯಂದ್ರು ಬಾಯ್ಬುಟ್ಟು ಒಂದ್ ಮಾತೂ ಏಳ್ದೆ, ರೂಮಿಗೆ ಬ್ಯಾರನ್ನೇ ಕಟ್ಸವ್ರೆ! ನಾನ್ ಎಲ್ಲಿಗೂ ಬರಾಕಿಲ್ಲ. ಆ ಚೀಲ ಬಿಚ್ಚಾಕು.”

ಸುಶೀಲ ಸೆರಗಿನಿಂದ ಕಣ್ಣೊರಸಿಕೊಂಡು ಚೀಲ ತರಲು ಹೋದಳು. ನಾನು ಒಲೆಯ ಹತ್ತಿರಕ್ಕೆ ಹೋಗಿ ಸಣ್ಣಯ್ಯನನ್ನು ಮೆಲ್ಲಗೆ ಕೇಳಿದೆ. ಕೊಳವೆ ಹಾಕಲು ಮಾವನವರನ್ನೇ ಎರಡು ದಿನ ಕುರ್ಚಿಯಲ್ಲಿ ಕೂರಿಸಿಕೊಂಡು ಸಲಹೆ ತೆಗೆದುಕೊಂಡನಂತೆ. “ಈಚೆ ಕುಂತ್ಕೊಂಡು ಕಾಯಿಸ್ಕೊಳಕ್ಕೆ ಯಾರಾರೂ ಒಲೆ ಕಟ್ಟುಸ್ತಾರಾ ಸಾ? ನಾಕ್ ಕಲ್ಲಿಟ್ರೆ ಆಯ್ತದೆ. ಗ್ವಾಡೆಗೆ ಒಲೆ ಬರ್ದಿದ್ರಿ, ದೊಡ್ಡಯ್ಯೋರ್ಗೆ ಅಂತ ಅರ್ತ ಆಗಾಕಿಲ್ವಾ ನಮ್ಗೆ?” ಎಂದ. ಅವನ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಮಡಕೆಯಂಥ ತಲೆಗೂ ಹೊಳೆಯಬೇಕಾದ ಸಂಗತಿ. ಕೊಳವೆ ಹಾಕಿ ಆರು ದಿನವಾಗಿತ್ತು. ಆ ಆರು ದಿನದಲ್ಲಿ ನಾನು ಒಂದೇ ಒಂದು ಸಲ ಆ ಕೋಣೆಗೆ ಕಾಲಿಟ್ಟಿದ್ದರೆ ಎಲ್ಲ ಗೊತ್ತಾಗುತ್ತಿತ್ತು. ನನ್ನ ಪ್ಯಾಟಿಯೋದಿಂದ ಅವರ ಮಂಚಕ್ಕೆ ಇರುವ ದೂರ, ಗೋಡೆಯನ್ನು ಬಿಟ್ಟರೆ, ಐದು ಅಡಿ.

ಶಿವಣ್ಣ ಒಬ್ಬನೇ ಸಾಲಿಗ್ರಾಮಕ್ಕೆ ಹಿಂದಿರುಗಿದ. ಅಂದಿನಿಂದ ಆ ಚಳಿ ಮುಗಿಯುವವರೆಗೂ ದಿನಾ ಸಂಜೆ ನಾನು ಹಿತ್ತಿಲಿನಲ್ಲಿ ಕೂತೆ. ಕುಟ್ಟದಲ್ಲಿ ಕಂಡಂಥದೇ ಬೆತ್ತದ ಕುರ್ಚಿ, ಅಂಥದೇ ಚಪ್ಪಡಿ, ಕೈಯಲ್ಲಿ ಕಾಫಿ. ಮುಂದೆ ಮುಚ್ಚಿದ ಬಾಗಿಲು. ತಲೆಗೆ ಮಂಕಿ ಕ್ಯಾಪು, ಕಾಲಿಗೆ ಎರಡು ಜೊತೆ ಕಾಲುಚೀಲ. ಒಳಗಿನಿಂದ, “ಕಾವು ಇಳೀತಾ ಅದೆ ಅಳಿಯಂದ್ರೇ” ಎಂದು ಅಪ್ಪಣೆಯಾದಾಗ ಎದ್ದು ಒಂದು ಸೌದೆ ನೂಕುತ್ತಿದ್ದೆ. ಬಾಗಿಲು ತೆರೆದ ಆ ಹತ್ತು ಸೆಕೆಂಡು ನನ್ನ ಮೊಣಕಾಲಿಗೂ ಸ್ವಲ್ಪ ಬಿಸಿ ತಾಗುತ್ತಿತ್ತು. ಸುಶೀಲಳಿಗೆ ನಿಜ ಹೇಳಿಬಿಡೋಣ ಎಂದು ಎರಡು ಸಲ ಬಾಯಿ ತೆರೆದೆ. ಎರಡನೆಯ ಸಲ ಅವಳೇ, “ಏನೂ ಹೇಳ್ಬೇಡಿ. ಸಣ್ಣಯ್ಯನ ಹತ್ರ ‘ಆಚೆ ಬರಲಿ ಅಂತಲೇ ಕಟ್ಟಿಸಿದ್ದು’ ಅಂದಿದ್ದು ನನಗೂ ಕೇಳಿಸ್ತು” ಎಂದಳು. ಮರುದಿನದಿಂದ ಕಾಫಿಯ ಹಾಲು ಮೊದಲಿನ ಹದಕ್ಕೆ ಬಂತು.

ಆ ಸಂಜೆ ಹಿತ್ತಿಲಿನಲ್ಲಿದ್ದು, ನಾನು ಹೇಳಿದ್ದನ್ನೂ ನನ್ನ ಮುಖವನ್ನೂ ಕಣ್ಣಾರೆ ಕಂಡವರು ಮೂವರು. ಸುಶೀಲ ಇದ್ದಾಳೆ. ಶಿವಣ್ಣ ಸಾಲಿಗ್ರಾಮದಲ್ಲಿ ಗಟ್ಟಿಮುಟ್ಟಾಗಿದ್ದಾನೆ, ಫೋನು ಮಾಡಿದಾಗಲೆಲ್ಲ, “ಬೆಂಕಿ ಎಲ್ಲಿ ಭಾವ?” ಎಂದು ಕೇಳುತ್ತಾನೆ. ಸಣ್ಣಯ್ಯ ಮೇಸ್ತ್ರಿ ಊರೂರಿನಲ್ಲಿ ಈ ಕಥೆ ಹೇಳಿಕೊಂಡು ಓಡಾಡುತ್ತಿದ್ದಾನೆ. ಹೀಗೆ ಮೂವರೂ ಬದುಕಿರುವಾಗ ನಾನು ಸುಳ್ಳು ಬರೆಯುವಂತಿಲ್ಲ. ನಾಲ್ಕನೆಯವರು ಮಾವನವರು. ಅವರೂ ಇದ್ದಾರೆ, ಮೊದಲಿಗಿಂತ ಚೆನ್ನಾಗಿದ್ದಾರೆ. ಬಂದವರಿಗೆಲ್ಲ ನನ್ನಂಥ ಅಳಿಯ ಈ ಸೀಮೆಯಲ್ಲೇ ಇಲ್ಲ ಎಂದು ಹೇಳುತ್ತಾರೆ. ನನ್ನ ಪರವಾಗಿ ಸಾಕ್ಷಿ ಹೇಳುವವರು ಅವರೊಬ್ಬರೇ, ಏಕೆಂದರೆ ಅವರೊಬ್ಬರೇ ಏನನ್ನೂ ನೋಡಿಲ್ಲ.