ನೊರೆ ಬಾರದ ಕಟ್ಟೆ

ಟಕ್, ಟಕ್, ಟಣ್!

ಬೆಳಗಾಗೆದ್ದು ಈ ಸದ್ದು ಕೇಳಿತೆಂದರೆ ರಹ್ಮಾ ಮುಸುಕೆಳೆದುಕೊಳ್ಳುತ್ತಿದ್ದಳು. ಗಂಡ ಮಹ್ಜೂಬ್ ಅಡುಗೆಮನೆಯಲ್ಲಿ ಕಲ್ಲು, ಮರದ ಚೂರುಗಳನ್ನು ಹರಡಿಕೊಂಡು ಬೆರಳಿನ ಗೆಣ್ಣಿನಿಂದ ಬಡಿದು ಪರೀಕ್ಷಿಸುತ್ತಿದ್ದಾನೆಂದು ಅರ್ಥ.

ಕಡಲ ದಂಡೆಯ ಎಸ್ಸಾವಿರಾ ಊರಿನ ಗಲ್ಲಿಗಲ್ಲಿಗೆ ರೊಟ್ಟಿ ಹಂಚಿ ಹಣ್ಣಾದ ತನ್ನ ವ್ಯಾನನ್ನು ಅವನು ಓಡಾಡುವ ಮನೆಯಾಗಿ ಮಾಡುತ್ತಿದ್ದ. ಹಾಸಿಗೆಯಾಯಿತು, ಕಿಟಕಿಯಾಯಿತು. ಉಳಿದದ್ದು ಅಡುಗೆ ಕಟ್ಟೆ. ಅದರ ಮೇಲೆ ಏನು ಹಾಸುವುದು? ಎರಡು ದೇಶಗಳ ಗಡಿಯ ಬಗ್ಗೆಯೂ ಇಷ್ಟು ಮಾತುಕತೆ ನಡೆದಿರಲಾರದು.

ರಹ್ಮಾಳ ಷರತ್ತು ಒಂದೇ. "ಮನೇಲಿ ಕುಡಿಯೋ ಚಹಾ, ಅದೇ ನೊರೆ, ವ್ಯಾನಲ್ಲೂ ಸಿಗ್ಬೇಕು. ಸಿಕ್ಕಿದ್ರೆ ಮರಳುಗಾಡಿಗೂ ಬರ್ತೀನಿ. ಇಲ್ಲಾಂದ್ರೆ ನೀವೊಬ್ರೇ ಹೋಗಿ, ಒಂಟೆ ಜೊತೆ ಮಾತಾಡ್ಕೊಂಡಿರಿ."

ಚಹಾ ಹೊಯ್ಯುವುದರಲ್ಲಿ ಮಹ್ಜೂಬನ ಕೈ ಕೇರಿಗೇ ಹೆಸರುವಾಸಿ. ಕೆಟಲನ್ನು ತಲೆಯೆತ್ತರಕ್ಕೆ ಎತ್ತಿದನೆಂದರೆ ಪುದೀನ ಚಹಾ ದಾರದಂತೆ ಇಳಿದು, ಲೋಟದೊಳಗೆ ನೊರೆಯ ಮುಂಡಾಸು ಸುತ್ತಿಕೊಳ್ಳುತ್ತಿತ್ತು. ಅಂಥ ಚಹಾಕ್ಕೆ ತಕ್ಕ ಸಿಂಹಾಸನ ಬೇಡವೇ?

"ಅಮೃತಶಿಲೆ?"

"ಹಾಕಿ. ವ್ಯಾನಿನ ಹಿಂಭಾಗ ಕುಸಿದು ಮೂತಿ ಮೇಲೇಳುತ್ತೆ. ನಕ್ಷತ್ರ ನೋಡ್ಕೊಂಡೇ ಓಡಿಸ್ಬಹುದು."

"ಬಣ್ಣದ ಟೈಲ್ಸ್?"

"ಮೊದಲ್ನೇ ಗುಂಡಿಗೇ ಬಿರುಕು!"

"ಅರಾರ್ ಮರ? ಮೂಸಿ ನೋಡು, ಲಲ್ಲಾ ರಹ್ಮಾ." ಒಪ್ಪಿಸಬೇಕಾದಾಗ ಹೆಂಡತಿ ಅವನಿಗೆ 'ಲಲ್ಲಾ', ಅಂದರೆ ಅಮ್ಮಾವ್ರು.

ರಹ್ಮಾ ಮೂಸಿದಳು. ಕಣ್ಣು ತಾನಾಗಿ ಮುಚ್ಚಿತು. "ನಮ್ಮಪ್ಪನ ಬಡಗಿ ಅಂಗಡಿ..." ಎಂದು ಮತ್ತೊಮ್ಮೆ ಮೂಸಿದಳು.

ಅಲ್ಲಿಗೆ ತೀರ್ಮಾನವಾಯಿತು. ಅವಳ ಬೆನ್ನು ಬಗ್ಗಬಾರದೆಂದು ಮಹ್ಜೂಬ್ ಕಟ್ಟೆಯನ್ನು ಸೊಂಟದೆತ್ತರಕ್ಕೆ ಏರಿಸಿ ಹಲಗೆ ಹೊದಿಸಿದ. ಎಣ್ಣೆ ಉಜ್ಜಿದಷ್ಟೂ ಮರದ ಗಂಟುಗಳು ಜೇನಿನಂತೆ ಹೊಳೆದವು.

ಮೊದಲ ಚಹಾದ ದಿನ. ರಹ್ಮಾ ನ್ಯಾಯಾಧೀಶೆಯಂತೆ ಹಾಸಿಗೆಯ ಅಂಚಿನಲ್ಲಿ ವಿರಾಜಮಾನಳಾದಳು. ಮಹ್ಜೂಬ್ ಬಿಸ್ಮಿಲ್ಲಾ ಎಂದು ಕೆಟಲ್ ಎತ್ತಿದ.

ಢಣ್!

ಚಾವಣಿ! ಗಗನಕ್ಕೇರಬೇಕಿದ್ದ ಕೈ ಗೇಣಿಗೇ ನಿಂತಿತು. ಚಹಾ ತೊಪ್ಪೆಂದು ಲೋಟಕ್ಕೆ ಬಿತ್ತು (ನಲ್ಲಿಯ ನೀರಿಗಾದರೂ ಅದಕ್ಕಿಂತ ಹುರುಪಿರುತ್ತದೆ).

ರಹ್ಮಾ ಲೋಟದೊಳಗೆ ಇಣುಕಿದಳು. "ಬೋಳುತಲೆ."

ಮಹ್ಜೂಬ್ ಕೆಟಲ್ ಕೆಳಗಿಟ್ಟ. "ಬಡಿದು ನೋಡಿದೆ, ಮೂಸಿ ನೋಡಿದೆ. ಕೈ ಎತ್ತಿ ಮಾತ್ರ ನೋಡ್ಲಿಲ್ಲ. ಆಯ್ತು ಬಿಡು, ನೀನು ಬರೋದು ಬೇಡ."

ರಹ್ಮಾ ಲೋಟಗಳ ತಟ್ಟೆಯನ್ನೆತ್ತಿ ವ್ಯಾನಿನ ನೆಲದ ಮೇಲಿಟ್ಟು, ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು. "ನಿಮ್ಮಜ್ಜಿ ಎಲ್ಲಿ ಕೂತು ಚಹಾ ಕುಡೀತಿದ್ರು? ಹೊಯ್ಯಿರಿ."

ಚಾವಣಿಯಿಂದ ನೆಲದವರೆಗೆ ಚಹಾದ ದಾರ ಇಳಿಯಿತು. ಲೋಟಕ್ಕೆ ಮುಂಡಾಸು ಬಂತು, ಮಹ್ಜೂಬನ ಮುಖಕ್ಕೆ ಕಳೆ ಬಂತು.

"ಹಾಗಾದ್ರೆ... ಕಟ್ಟೆ?"

"ತುಂಬಾ ಚೆನ್ನಾಗಿದೆ. ಅದ್ರ ಮೇಲೆ ದಿಂಬು ಇಟ್ಕೊಳ್ತೀನಿ. ಈಗ ನೆಲಕ್ಕೇನು ಹಾಸೋದು, ಅದು ಹೇಳಿ." ಅವಳ ಜೆಲ್ಲಾಬಾ ನಿಲುವಂಗಿಯ ಜೇಬಿನಿಂದ ಕಂಬಳಿ, ಚಾಪೆಗಳ ತುಂಡುಗಳು ಒಂದೊಂದಾಗಿ ಹೊರಬಂದವು.

"ಇವನ್ನ ಯಾವಾಗ ತಂದೆ?"

"ನೀವು ಕಟ್ಟೆ ಎತ್ತರ ಮಾಡಿದ ದಿನಾನೇ! ಇದು ಕುರಿ ಉಣ್ಣೆ, ಬಿಸಿಲಿಗೆ ಕಚ್ಚುತ್ತೆ. ಇದು ಜೊಂಡು, ತಂಪು. ಆದ್ರೆ ಚಹಾ ಚೆಲ್ಲಿದ್ರೆ... ಬರೀ ನೋಡಿದ್ರೆ ಹೇಗೆ, ಮುಟ್ಟಿ ನೋಡಿ. ಕೆನ್ನೆಗೆ ಉಜ್ಜಿ ನೋಡಿ. ಯಜಮಾನ್ರೇ, ಸೀ ಮಹ್ಜೂಬ್! ಮಾತು ಇನ್ನೂ ಮುಗಿದಿಲ್ಲ..."

ಮಹ್ಜೂಬ್ ವ್ಯಾನಿನಿಂದಿಳಿದು, ನೊರೆ ಅಲುಗದಂತೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಸಮುದ್ರದ ಕಡೆಗೆ ಆಗಲೇ ಅರ್ಧ ದಾರಿ ನಡೆದಿದ್ದ.