ಕಡಗದ ಸುತ್ತ ಆರಂಕಿ

ಹೊಸಹೊಳಲಿನ ಚಿಕ್ಕಸ್ವಾಮಿಯ ಕಷ್ಟ ಶುರುವಾದದ್ದು ಅವನ ಎತ್ತು ಮನೆಗೆ ಬಂದದ್ದರಿಂದ.

ಲಡಾಯಿಯ ಸಾಮಾನು ಎಳೆಯಲು ದಂಡಿನವರು ಪಟ್ಟಣಕ್ಕೆ ಹಿಡಿದೊಯ್ದಿದ್ದ ಎತ್ತು ಅದು. ತಿರುಗಿ ಬಂದರೆ ಲಕ್ಷ್ಮೀನಾರಾಯಣಸ್ವಾಮಿಗೆ ತುಳಸಿದಳ ಅರ್ಪಿಸುತ್ತೇನೆ, ಅದು ಮುಗಿಯುವವರೆಗೆ ಮುದ್ದೆ ಮುಟ್ಟುವುದಿಲ್ಲ ಎಂದು ಹರಸಿಕೊಂಡಿದ್ದ. ಎಷ್ಟು ದಳ? “ಬರೀ ಲಕ್ಷ ಅಂತ ಎಲ್ಲರೂ ಹರಸಿಕೊಳ್ತಾರೆ” ಎಂದು ಕೂಲಿಮಠದಲ್ಲಿ ಮಕ್ಕಳಿಗೆ ಪಾಠ ಹೇಳುವ ಶಿವಲಿಂಗಯ್ಯನವರು ಆರಂಕಿಯ ಸಂಖ್ಯೆಯೊಂದನ್ನು ಕೊಟ್ಟಿದ್ದರು. ಮರೆಯದಿರಲೆಂದು ಅದನ್ನು ಅಕ್ಕಸಾಲಿ ಕಾಳಪ್ಪನಿಂದ ತಾಮ್ರದ ಕಡಗದ ಸುತ್ತ ಕೊರೆಸಿ ತೊಟ್ಟಿದ್ದ.

ಈಗ ಎತ್ತು ಕೊಟ್ಟಿಗೆಯಲ್ಲಿ ನೆಮ್ಮದಿಯಾಗಿ ಮೆಲುಕು ಹಾಕುತ್ತಿತ್ತು. ಚಿಕ್ಕಸ್ವಾಮಿ ಜಗುಲಿಯಲ್ಲಿ ಕೂತು ಕಡಗ ತಿರುಗಿಸುತ್ತಿದ್ದ. ತಿರುಗಿಸುತ್ತಲೇ ಇದ್ದ. ಕೊನೆಗೆ ಅಕ್ಕಸಾಲಿಯನ್ನೇ ಕರೆಸಿದ.

“ಲೇ ಕಾಳಪ್ಪ, ಇದ್ರ ಮೊದ್ಲು ಯಾವ್ದ್ಲಾ?”

“ಸಂದು ಕಾಣದಂಗೆ ಕೊರಿ ಅಂದೋನು ನೀನೇ ಕಣ್ಲಾ. ಬಳೆಗೆ ತಲೆ ಎಲ್ಲೈತೆ, ಬಾಲ ಎಲ್ಲೈತೆ?”

ಒಂದು, ನಾಲ್ಕು, ಎರಡು, ಎಂಟು, ಐದು, ಏಳು, ಮತ್ತೆ ಒಂದು. ಒಂದರಿಂದ ಓದಿದರೆ ಲಕ್ಷದ ನಲವತ್ತೆರಡು ಸಾವಿರದ ಚಿಲ್ಲರೆ. ಊರವರು ಕೈಹಾಕಿದರೆ ಹುಣ್ಣಿಮೆಗೆ ಮುದ್ದೆ. ಎಂಟರಿಂದ ಓದಿದರೆ ಎಂಟೂವರೆ ಲಕ್ಷಕ್ಕೂ ಮೇಲೆ. ಮುದ್ದೆ ಮುಂದಿನ ಯುಗಾದಿಗೆ!

ಪಕ್ಕದ ಮನೆಯ ಮಂಚಯ್ಯ ಬಂದು ಬಗ್ಗಿ ನೋಡಿದ. “ನಾಕ್ರಿಂದ ಓದ್ಲಾ. ವೇದ ನಾಕಲ್ವಾ?”

ಎದುರು ಮನೆಯ ಚಿಕ್ಕಬೋರಮ್ಮ ಮೊರ ಹಿಡಿದೇ ಬಂದಳು. “ದೇವ್ರ ತಾವೂ ಜುಗ್ಗತನವಾ? ದೊಡ್ದು ನೋಡಿ ಎಂಟ್ರಿಂದ ಓದು!”

“ನಿಂಗೇನಕ್ಕ, ಹೊಟ್ಟೆ ನಂದು.”

ಸಂಖ್ಯೆ ಕೊಟ್ಟ ಶಿವಲಿಂಗಯ್ಯನವರೋ ನಾಗಮಂಗಲಕ್ಕೆ ಹೋಗಿದ್ದರು. ಮಧ್ಯಾಹ್ನ ಕೇರಿಯ ಮನೆಮನೆಯಿಂದ ಉಪ್ಸಾರಿನ ಘಮ ಎದ್ದಿತು. ಚಿಕ್ಕಸ್ವಾಮಿಯ ಹೊಟ್ಟೆ ಪಟ್ಟಣದ ಕೋಟೆಯ ಫಿರಂಗಿಯಂತೆ ಗುಡುಗಿತು. ಅದನ್ನು ಕೇಳಲಾರದೆ ಹೆಂಡತಿ ಮಾಯಮ್ಮ ಸೆರಗು ಹೊದ್ದು ಗುಡಿಯ ಕಡೆಗೆ ನಡೆದಳು.

ಹೊತ್ತು ಇಳಿಯುವಾಗ ಶಿವಲಿಂಗಯ್ಯನವರು ಬಂದರು. ವಿಷಯ ಕೇಳಿ, ನಕ್ಕು, ಜಗುಲಿಯ ಮೇಲೆ ಮರಳು ಹರಡಿ ಬೆರಳಲ್ಲಿ ಬರೆದರು.

“ಒಂದರಿಂದಲೇ ಕಣಪ್ಪ. ಆದರೆ ಚೆಂದ ನೋಡು! ಎರಡರಿಂದ ಓದಿದರೆ ಇದರ ಎರಡರಷ್ಟು. ನಾಲ್ಕರಿಂದ ಓದು, ಮೂರರಷ್ಟು. ಐದರಿಂದ ನಾಲ್ಕರಷ್ಟು, ಏಳರಿಂದ ಐದರಷ್ಟು, ಎಂಟರಿಂದ ಆರರಷ್ಟು. ಅವೇ ಅಂಕಿ, ಅದೇ ಸುತ್ತು. ಭಗವಂತನೂ ಹೀಗೇ. ಎಷ್ಟು ರೂಪ ತಾಳಿದರೂ ತಾನು ತಾನೇ.”

ಚಿಕ್ಕಸ್ವಾಮಿಗೆ ಭಗವಂತ ಕಾಣಲಿಲ್ಲ. ಹುಣ್ಣಿಮೆಯ ಚಂದ್ರ ಮುದ್ದೆಯ ಹಾಗೆ ದುಂಡಗೆ ಕಂಡ. “ಅಂಗಾದ್ರೆ ಸಣ್ದೇ! ಗೆದ್ದೆ ಕಣ್ಲಾ ಮಂಚಯ್ಯ!”

ಅಷ್ಟರಲ್ಲಿ ಮಾಯಮ್ಮ ಹಣೆತುಂಬ ಕುಂಕುಮ ಇಟ್ಟುಕೊಂಡು ಓಡಿ ಬಂದಳು.

“ಲೆಕ್ಕ ಸಿಕ್ತಾ? ಸ್ವಾಮಿ ಕೈಬುಡ್ನಿಲ್ಲ ನೋಡು!”

“ಯಾಕಮ್ಮೀ, ನೀನೇನ್ ಮಾಡ್ದೆ?”

“ನಿನ್ ಪಾಡು ನೋಡಕ್ಕಾಗ್ದೆ ನಾನೂ ಹರಸ್ಕಂಡ್ಬುಟ್ಟೆ. ಸರಿಯಾದ ಲೆಕ್ಕ ಸಿಕ್ರೆ, ಅದ್ರ ಏಳ್ರಷ್ಟು ದಳ ನನ್ ಗಂಡನ ಕೈಲೇ ಹಾಕ್ಸ್ತೀನಿ, ಅಲ್ಲೀಗಂಟ ಅವ್ನ್ಗೆ ಮುದ್ದೆ ಇಲ್ಲ ಅಂತ. ಏಳು ಜನ್ಮಕ್ಕೂ ನೀನೇ ಸಿಗ್ಲಿ ಅಂತ ಏಳು.”

ಶಿವಲಿಂಗಯ್ಯನವರು ಮರಳು ಸವರಿ ಏಳರಿಂದ ಗುಣಿಸಿದರು. ಅವರ ಕಣ್ಣು ಅರಳಿತು.

“ಆಹಾ! ಆರಕ್ಕೆ ಆರೂ ಒಂಬತ್ತೇ! ಇನ್ನು ನಿನಗೆ ಚಿಂತೆಯೇ ಇಲ್ಲ ಕಣಪ್ಪ ಚಿಕ್ಕಸ್ವಾಮಿ. ಎಲ್ಲಿಂದ ಓದಿದರೂ ಒಂದೇ!”

ಮಾಯಮ್ಮ ಒಳಗೆ ಹೋಗಿ, ಮುದ್ದೆ ತೊಳಸುವ ಕೋಲನ್ನು ಒರೆಸಿ, ಅಟ್ಟದ ಮೇಲಿಟ್ಟಳು.