ಮಾವನ ರಷ್ಯನ್ ಕ್ಲಾಸಿನ ಮೂರು ಗುರಿಗಳು

ನಮ್ಮ ಸೋದರಮಾವನಿಗೆ ರಷ್ಯನ್ ಭಾಷೆ ಬರುತ್ತಿರಲಿಲ್ಲ. ಹಾಗಾಗಿ ಅವನು ದಾವಣಗೆರೆಯಲ್ಲಿ ರಷ್ಯನ್ ಕ್ಲಾಸು ತೆರೆದ. ನಗಬೇಡಿ! ಬರುವವರು ಕ್ಲಾಸು ತೆರೆಯುವುದರಲ್ಲಿ ಏನು ಹೆಚ್ಚುಗಾರಿಕೆ ಇದೆ? ಬಾರದವನು ಬೋರ್ಡು ಹಾಕಿ ಕೂರಬೇಕಾದರೆ ಎಂಟೆದೆ ಬೇಕು. ಮಾವನಿಗೆ ಎದೆಗೇನೂ ಕಡಿಮೆ ಇರಲಿಲ್ಲ. ಕಡಿಮೆ ಇದ್ದದ್ದು ತಾಳ್ಮೆ ಮತ್ತು ತಲೆಗೂದಲು.

ಪೂರ್ತಿ ಬರುತ್ತಿರಲಿಲ್ಲ ಅಂದರೂ ತಪ್ಪಾದೀತು. ಎರಡನೆಯ ದೊಡ್ಡ ಯುದ್ಧದ ಕಾಲದಲ್ಲಿ ಮಾವ ಮಿಲಿಟರಿ ಲಾರಿ ಡ್ರೈವರಾಗಿ ಇರಾನಿನ ಗುಡ್ಡಗಳಲ್ಲಿ ಓಡಾಡಿದವನು. ಸಾಮಾನು ತುಂಬಿದ ಲಾರಿಗಳನ್ನು ಗುಡ್ಡ ಹತ್ತಿಸಿ ರಷ್ಯಾದ ಡ್ರೈವರುಗಳಿಗೆ ಒಪ್ಪಿಸುವುದು ಇವರ ಕೆಲಸ. ಅಲ್ಲಿ ಕಿವಿಗೆ ಬಿದ್ದ ಒಂದಿಷ್ಟು ಮಾತುಗಳು ಅವನ ಬಳಿ ಉಳಿದಿದ್ದವು: ಹಿಮ, ಬ್ರೆಡ್ಡು, ಲಾರಿ, ಬ್ರೇಕು, ಮಲಗು, ಯುದ್ಧ, ಮತ್ತು ‘ದವಾಯ್’. ದವಾಯ್ ಅಂದರೆ ‘ಹೂಂ, ಆಗಲಿ’ ಎಂದಂತೆ. ಈ ಬಂಡವಾಳದಲ್ಲಿ ರಷ್ಯಾದಲ್ಲಿ ಲಾರಿ ಓಡಿಸಬಹುದೇ ಹೊರತು ಸಂಸಾರ ಮಾಡಲಿಕ್ಕಾಗದು.

ಯುದ್ಧದಿಂದ ಬಂದ ಮೇಲೆ ಮಾವ ಪಿ.ಬಿ. ರಸ್ತೆಯಲ್ಲಿ ಲಾರಿ ರಿಪೇರಿಯ ಗ್ಯಾರೇಜು ಇಟ್ಟ. ಗ್ಯಾರೇಜಿಗೆ ಬಂದವರು ಯಾರೇ ಇರಲಿ, ಆನಗೋಡಿನ ರೈತನೋ ಹುಬ್ಬಳ್ಳಿಯ ಡ್ರೈವರೋ, ಅವರಿಗೊಂದು ಕಥೆ ಕಡ್ಡಾಯ. ಹಿಮದಲ್ಲಿ ಮಾವನ ಲಾರಿ ಹೂತುಹೋಗಿ, ಜ್ವರ ಬಂದು ಇನ್ನೇನು ಪ್ರಾಣ ಹೋಗುತ್ತದೆ ಎನ್ನುವಾಗ, ಒಬ್ಬ ರಷ್ಯನ್ ಡ್ರೈವರು ಅವನನ್ನು ತನ್ನ ಲಾರಿಯೊಳಗೆ ಎಳೆದುಕೊಂಡು, ತನ್ನ ಬುತ್ತಿಯ ಬ್ರೆಡ್ಡು ತಿನ್ನಿಸಿ ಬದುಕಿಸಿದ್ದ. ಮಾವನಿಗೆ ಸರಿಯಾಗಿ ಎಚ್ಚರವಾಗುವಷ್ಟರಲ್ಲಿ ಅವನು ಹೊರಟುಹೋಗಿದ್ದ.

“ಹೆಸರು ಕೇಳ್ಲಿಲ್ಲ, ಊರು ಕೇಳ್ಲಿಲ್ಲ. ರಷ್ಯಾದೋನಿಗೆ ನಂದೊಂದು ಊಟ ಬಾಕಿ ಐತೆ” ಎಂದು ಮಾವ ಕಥೆ ಮುಗಿಸುತ್ತಿದ್ದ.

ನಾವು ಯಾರೂ ನಂಬುತ್ತಿರಲಿಲ್ಲ. ಯಾಕೆಂದರೆ ಹಿಮದ ಎತ್ತರ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಅತ್ತೆ ಗ್ಯಾರೇಜಿನ ಹಿಂದಿನ ಮನೆಯೊಳಗಿಂದಲೇ ಲೆಕ್ಕ ಹೇಳುವಳು: “ನನ್ನ ಮದುವಿ ಟೈಮಿನಾಗೆ ಮೊಣಕಾಲುದ್ದ ಇತ್ತು. ಈಗ ಲಾರಿ ಮುಳುಗೈತೆ. ಇನ್ನು ನಾಲ್ಕು ವರ್ಷ ಹೋದ್ರೆ ಇರಾನೇ ಕಾಣಂಗಿಲ್ಲ!”

ಹೀಗಿರುವಾಗ ಹರಿಹರದಿಂದ ಒಂದು ಸುದ್ದಿ ಬಂತು. ಅಲ್ಲಿಯ ಕಾರ್ಖಾನೆಯೊಂದಕ್ಕೆ ರಷ್ಯಾದಿಂದ ಯಂತ್ರ ಬರುತ್ತಿದೆ, ಅದನ್ನು ಜೋಡಿಸಲು ಆ ಕಡೆಯ ಫಿಟ್ಟರೊಬ್ಬ ದೀಪಾವಳಿ ಹೊತ್ತಿಗೆ ಬರುತ್ತಾನೆ. ಮಾವ ಸ್ಪಾನರು ಬಿಸಾಡಿ ಎದ್ದುನಿಂತ.

“ಸಿಕ್ಕ!”

“ಅವನೇ ಬರ್ತಾನಂತ ಏನು ಗ್ಯಾರಂಟಿ ಮಾವ? ಇವನು ಬೇರೆಯವನು” ಎಂದೆ ನಾನು.

“ಯಾವನಾದ್ರೇನಲೇ? ಆ ಊರೋನು ತಾನೆ? ಇವನು ಉಂಡ್ರೆ ಅವನಿಗೆ ಮುಟ್ಟತೈತೆ. ಆದ್ರೆ ಮೂಕರಂಗೆ ಬಡಿಸಬಾರ್ದು. ಮಾತಾಡಿಸಿ ಬಡಿಸಬೇಕು. ನನಗೊಬ್ಬನಿಗೆ ಮಾತು ಬಂದ್ರೆ ಆಗ್ಲಿಲ್ಲ, ಪಂಕ್ತಿ ಪೂರ್ತಿ ಮಾತಾಡ್ಬೇಕು.”

ಕ್ಲಾಸು ಹುಟ್ಟಿದ್ದು ಹೀಗೆ. ಸಂಜೆ ಗ್ಯಾರೇಜಿನ ಕೆಲಸ ಮುಗಿದ ಮೇಲೆ ಪಾಠ. ಹಳೆಯ ಟೈರುಗಳೇ ಬೆಂಚು. ವಿದ್ಯಾರ್ಥಿಗಳು ಮೂವರು. ಡಿಗ್ರಿ ಮುಗಿಸಿ, ಕಂಡಕಂಡ ಆಫೀಸಿಗೆ ಅರ್ಜಿ ಹಾಕುತ್ತಾ ಮನೆಯಲ್ಲಿ ಬಿದ್ದಿದ್ದ ನಾನು. ನಿವೃತ್ತಿಯಾಗಿ ಬೇಸರ ಹಿಡಿದಿದ್ದ ನಮ್ಮ ಹೈಸ್ಕೂಲು ಮೇಷ್ಟ್ರು. ಬೆಂಗಳೂರಿನಿಂದ ಒಂದು ರಷ್ಯನ್ ಪಾಠದ ಪುಸ್ತಕ ತರಿಸಿದವರೂ ಅವರೇ. ಮೂರನೆಯವನು ಎದುರಿನ ಮಂಡಕ್ಕಿ ಮಿರ್ಚಿ ಅಂಗಡಿಯ ಬಸಣ್ಣ. ಮಾವ ಕರೆದಾಗ ಸೌಟು ಹಿಡಿದುಕೊಂಡೇ ಬಂದಿದ್ದ.

ಗುರಿ ಇಲ್ಲದೆ ಲಾರಿ ಸ್ಟಾರ್ಟ್ ಮಾಡಬಾರದು ಎಂಬುದು ಮಾವನ ಸಿದ್ಧಾಂತ. ಮೊದಲ ದಿನ ಪುಸ್ತಕ ತೆಗೆಯಲು ಬಿಡಲಿಲ್ಲ.

“ಒಬ್ಬೊಬ್ರೇ ಹೇಳ್ರಿ. ರಷ್ಯನ್ ಕಲ್ತು ಏನು ಮಾಡ್ತೀರಿ?”

ಮೇಷ್ಟ್ರು ಕನ್ನಡಕ ಒರೆಸಿಕೊಂಡು, “ಅವರ ದೊಡ್ಡ ದೊಡ್ಡ ಕಾದಂಬರಿಗಳನ್ನ ಮೂಲದಲ್ಲೇ ಓದಬೇಕು ಅಂತ ಆಸೆ” ಎಂದರು.

“ಅದ್ರಾಗೆ ಊಟಕ್ಕೆ ಕರಿಯೋ ಮಾತು ಬರತೈತೇನ್ರಿ?”

“ಬರಬಹುದು. ಒಂದು ಮುನ್ನೂರು ಪುಟ ಆದಮೇಲೆ...”

“ಅಷ್ಟೊತ್ತಿಗೆ ಸಾರು ಆರಿ ತಣ್ಣಗಾಗಿರತೈತೆ. ಬ್ಯಾಡ.”

ನನ್ನ ಸರದಿ. “ಮಾಸ್ಕೋಗೆ ಹೋಗಿ ಓದಬೇಕು ಮಾವ.”

“ಹರಿಹರಕ್ಕೆ ಹೋಗಿ ಬರ್ತೀನಿ ಅಂದ್ರೆ ನಿಮ್ಮವ್ವ ಬುತ್ತಿ ಕಟ್ಟಿ ಕಣ್ಣೀರು ಹಾಕ್ತಾಳೆ. ನೀನು ಮಾಸ್ಕೋಗೆ ಹೊಂಟಿ! ಕೂಡ್ರಲೇ.” ನಾನು ಕೂತೇ ಇದ್ದೆ, ಇನ್ನಷ್ಟು ಕೂತೆ.

ಬಸಣ್ಣ ಕಕ್ಕಾಬಿಕ್ಕಿಯಾದ. “ನಂದೇನೂ ಗುರಿ ಇಲ್ರಿ ಅಣ್ಣಾರೆ. ನೀವು ಕರದ್ರಿ, ಬಂದೆ.”

“ಶಭಾಷ್! ಕರದ್ರೆ ಬರಬೇಕು. ಇದೇ ನೋಡ್ರಿ ಭಾಷೆ ಅಂದ್ರೆ!” ಎಂದು ಮಾವ ಬಸಣ್ಣನ ಬೆನ್ನಿಗೆ ಗುದ್ದಿ ಅವನನ್ನು ಕ್ಲಾಸಿನ ಮಾನಿಟರ್ ಮಾಡಿದ.

ಆಮೇಲೆ ರಿಪೇರಿಗೆ ಬಂದಿದ್ದ ಲಾರಿಯೊಂದರ ಹಿಂಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಕಲಿಕೆಯ ಗುರಿಗಳನ್ನು ಬರೆದ. ಮೊದಲನೆಯದು, ರಷ್ಯಾದವನು ಬಾಗಿಲಿಗೆ ಬಂದರೆ ಒಳಗೆ ಕರೆದು ಕೂರಿಸುವುದು. ಎರಡನೆಯದು, ಯಾವೂರು, ಯಾರ ಮಗ, ಮಕ್ಕಳೆಷ್ಟು, ಅಪ್ಪ ಅಮ್ಮ ಚೆನ್ನಾಗಿದ್ದಾರೋ ಎಂದು ವಿಚಾರಿಸುವುದು. ಮೂರನೆಯದು, ಉಣ್ಣದೆ ಹೋಗಲು ಬಿಡದಿರುವುದು. ಇಷ್ಟಾದರೆ ಪಾಸು!

“ಮೊದಲು ಅಕ್ಷರಮಾಲೆ ಬೇಡವೇನಯ್ಯಾ?” ಎಂದು ಮೇಷ್ಟ್ರು ಸಂಕಟಪಟ್ಟರು.

“ಮನಿಗೆ ಬಂದೋನ್ನ ಮೊದ್ಲು ಕೂಡ್ರಸ್ತೀರೋ, ಸ್ಲೇಟು ಕೊಟ್ಟು ತಿದ್ದಸ್ತೀರೋ ಮೇಷ್ಟ್ರೇ?”

ಮರುದಿನ ಬೆಳಿಗ್ಗೆ ಆ ಲಾರಿಯ ಮಾಲೀಕ ಬಂದು ಗಾಡಿ ತೆಗೆದುಕೊಂಡು ಹೋದ. ನಮ್ಮ ಮೂರೂ ಗುರಿಗಳು ಕುಕ್ಕುವಾಡದ ಕಡೆ ಹತ್ತಿ ಹೇರಲು ಹೊರಟುಹೋದವು.

ಗುರಿ ಹೋದರೇನು, ಪಾಠ ನಿಲ್ಲಲಿಲ್ಲ. ಪುಸ್ತಕದಿಂದ ಮೇಷ್ಟ್ರು ಮಾತು ಹೆಕ್ಕಿ ಕೊಡುವರು, ಮಾವ ಅದನ್ನು ಅಭ್ಯಾಸ ಮಾಡಿಸುವನು. ಅಭ್ಯಾಸಕ್ಕೆ ಒಬ್ಬ ರಷ್ಯನ್ ಬೇಕಲ್ಲ? ಸರದಿಯ ಮೇಲೆ ನಾವೇ ಆಗುತ್ತಿದ್ದೆವು. ರಷ್ಯನ್ ಆದವನು ಮಾವನ ಮಿಲಿಟರಿ ಓವರ್‌ಕೋಟು ತೊಡಬೇಕು. ಆ ಕೋಟೋ! ಮಾವನ ಮನೆಯ ಗೂಟದಲ್ಲಿ ನಾನು ಹುಟ್ಟಿದಾಗಿನಿಂದ ತೂಗುತ್ತಿದ್ದದ್ದು. ನುಸಿ ಹಿಡಿಯದಿರಲೆಂದು ಅತ್ತೆ ಜೇಬಿಗೆ ಬೇವಿನೆಲೆ ತುಂಬುತ್ತಿದ್ದಳು. ದಾವಣಗೆರೆಯ ಸೆಕೆಯಲ್ಲಿ ಅದನ್ನು ತೊಟ್ಟ ಮೇಷ್ಟ್ರು ಟೈರಿನ ಮೇಲೆ ಕುಳಿತು ಬೆವರು ಸುರಿಸುತ್ತಾ, “ರಷ್ಯಾದಲ್ಲಿ ಇಷ್ಟು ಸೆಕೆ ಇರತ್ತಾ?” ಎಂದು ಕೇಳುತ್ತಿದ್ದರು.

ಮೂರನೇ ಗುರಿ ಬಂದಾಗ ಮಾತ್ರ ಕೋಟಿಗೆ ಪೈಪೋಟಿ. ಬಡಿಸುವುದನ್ನು ಮಾವ ಬರೀ ಬಾಯಲ್ಲಿ ಕಲಿಸುವವನಲ್ಲ. ಬಸಣ್ಣನ ಅಂಗಡಿಯಿಂದ ಬಿಸಿ ಮಿರ್ಚಿ ಬರುತ್ತಿತ್ತು, ಅತ್ತೆಯ ಕೈಯ ರೊಟ್ಟಿ, ಶೇಂಗಾ ಚಟ್ನಿ ಬರುತ್ತಿದ್ದವು. ನಿಯಮ ಸರಳ. ರಷ್ಯನ್ ‘ನ್ಯೆತ್’ ಎನ್ನಬೇಕು, ಅಂದರೆ ಬೇಡ. ಅವನು ಬೇಡ ಎಂದ ಕೂಡಲೇ ನಾವು ‘ಕುಶಾಯ್ತೆ, ಕುಶಾಯ್ತೆ’, ಅಂದರೆ ಉಣ್ಣಿ ಉಣ್ಣಿ, ಎಂದು ಉಪಚಾರ ಮಾಡಿ ಇನ್ನೊಂದು ಹಾಕಬೇಕು.

“ಅವನು ನಿಜವಾಗ್ಲೂ ಬೇಡ ಅಂದರೆ?” ಎಂದರು ಮೇಷ್ಟ್ರು.

“ಮೊದಲ ಸಲಕ್ಕೇ ನಿಜವಾಗ್ಲೂ ಬ್ಯಾಡ ಅನ್ನೋ ಮನುಷ್ಯನ್ನ ನಾನಂತೂ ಕಂಡಿಲ್ರಿ. ಎಲ್ರೂ ನಾಚಿಕಿಗೆ ಅಂತಾರೆ. ರಷ್ಯಾದೋನಿಗೆ ನಾಚಿಕಿ ಇರಲ್ವಾ?”

“ಏನ್ರಿ, ನಿಮ್ಮ ರಷ್ಯಾ ನನ್ನ ಜೋಳದ ಡಬ್ಬಿ ಬಳದು ಹಾಕ್ತು!” ಎಂದು ಅತ್ತೆ ಕೂಗುತ್ತಿದ್ದಳು. ಕೂಗುತ್ತಲೇ ಇನ್ನೊಂದು ರೊಟ್ಟಿ ತಟ್ಟುತ್ತಿದ್ದಳು.

ಪರೀಕ್ಷೆ ಬೇಡವೇ? ಒಂದು ದಿನ ಯಾವುದೋ ಸಾಮಾನಿಗೆಂದು ಮಾವ ನನ್ನನ್ನೂ ಕರೆದುಕೊಂಡು ಹರಿಹರಕ್ಕೆ ಹೋದ. ಸ್ಟೇಷನ್ನಿನ ಬೆಂಚಿನ ಮೇಲೆ ಕೆಂಪು ಮೋರೆಯ, ಬಿಳಿ ಗಡ್ಡದ ಪರದೇಶದ ದೊರೆಯೊಬ್ಬ ಕುಳಿತಿದ್ದ. ಮಾವನ ಕಣ್ಣು ಅರಳಿತು. ಓಡಿಹೋಗಿ ಕೈಮುಗಿದು, ಕಲಿತ ಮೂರೂ ಗುರಿಗಳನ್ನು ಒಂದೇ ಉಸಿರಿನಲ್ಲಿ ಒದರಿಬಿಟ್ಟ. ಎದ್ದು ನಿಂತಿದ್ದವನನ್ನು ಕೂರಿಸುವುದು ಹೇಗೋ ಸರಿ, ಕೂತಿದ್ದವನನ್ನೇ ಕೂತುಕೊಳ್ಳಿ ಕೂತುಕೊಳ್ಳಿ ಅಂದ!

ದೊರೆ ಸಾವಧಾನವಾಗಿ ಕೇಳಿಸಿಕೊಂಡು, “ಯಾವ ಭಾಷಿನೋ ತಿಳೀಲಿಲ್ಲಪ್ಪ. ಆದ್ರೆ ಊಟಕ್ಕ ಕರಿಯಾಕ ಹತ್ತೀರಿ ಅಂತ ಗೊತ್ತಾತು. ನಡೀರಿ, ಹಸಿವಾಗೈತೆ” ಎಂದರು. ನಮ್ಮ ಸೀಮೆಯಲ್ಲಿ ಬಹಳ ವರ್ಷದಿಂದ ನೆಲೆಸಿದ್ದ ಇಟಲಿಯ ಪಾದ್ರಿಗಳು ಅವರು! ಮಾವನಿಗೆ ನಾಚಿಕೆಯೇ ಆಗಲಿಲ್ಲ. ಪಾದ್ರಿಗಳಿಗೆ ಸ್ಟೇಷನ್ ಎದುರು ದೋಸೆ ಕೊಡಿಸಿ, ಬರುವಾಗ ಬಸ್ಸಿನಲ್ಲಿ, “ನೋಡಿದೇನಲೇ, ಭಾಷಿ ಬರದೋನಿಗೂ ಗುರಿ ಮುಟ್ಟಿತು” ಎಂದ.

ದೀಪಾವಳಿ ಕಳೆದು ರಷ್ಯನ್ ಫಿಟ್ಟರು ಬಂದೇಬಿಟ್ಟ. ಮಾವ ಕಾರ್ಖಾನೆಯ ಬಾಗಿಲಿಗೆ ದಿನವೂ ಎಡತಾಕಿ, ಕೊನೆಗೊಂದು ಭಾನುವಾರ ಅವನನ್ನು ಲಾರಿಯಲ್ಲೇ ಮನೆಗೆ ಕರೆತಂದ. ಮೂವತ್ತರ ಆಸುಪಾಸಿನ ಎತ್ತರದ ಆಳು, ಮುಖದ ತುಂಬ ಸಂಕೋಚ. ಮೊದಲನೇ ಗುರಿ ಸುಲಭವಾಗಿ ದಾಟಿತು. ‘ಸದೀತೆಸ್’, ಕೂತುಕೊಳ್ಳಿ, ಎಂದು ನಾವೆಲ್ಲ ಒಟ್ಟಿಗೆ ಕಿರುಚಿದ ರಭಸಕ್ಕೆ ಅವನು ಧಪ್ಪನೆ ಕುಳಿತ. ಎರಡನೆಯದರಲ್ಲಿ ಊರು ತಿಳಿಯಿತು, ತಾಯಿ ಇದ್ದಾಳೆಂದು ತಿಳಿಯಿತು. ತಂದೆ ಎಂದಾಗ ಅವನು ಒಂದೇ ಮಾತು ಹೇಳಿ ತಲೆ ತಗ್ಗಿಸಿದ. ಯುದ್ಧ ಎಂಬ ಮಾತು ಅದು. ಮಾವನಿಗೆ ಆ ಮಾತು ಇರಾನಿನಿಂದಲೇ ಗೊತ್ತಿತ್ತು. ಅದಕ್ಕೆ ಉತ್ತರವಾಗಿ ಏನು ಹೇಳಬೇಕೆಂದು ಯಾವ ಗುರಿಯಲ್ಲೂ ಇರಲಿಲ್ಲ. ಮಾವ ಬೇಗಬೇಗ ಎಲೆ ಹಾಕಿಸಿದ.

ಇನ್ನು ಶುರುವಾಯಿತು ನೋಡಿ ಯುದ್ಧ! ಅವನು ‘ನ್ಯೆತ್’ ಅಂದ, ನಾವು ಹೋಳಿಗೆ ಹಾಕಿದೆವು. ನಾವು ಕಲಿತ ಪಾಠವೇ ಅದಲ್ಲವೇ? ಎಲೆಯಲ್ಲಿ ಹಾಕಿದ್ದನ್ನು ಬಿಟ್ಟರೆ ಮನೆಯವರಿಗೆ ಅವಮಾನ ಎಂದು ಅವನ ತಾಯಿ ಅವನಿಗೆ ಕಲಿಸಿದ್ದಿರಬೇಕು. ಪಾಪ, ಅದನ್ನು ಖಾಲಿ ಮಾಡಿದ. ಎಲೆ ಖಾಲಿಯಾದರೆ ಇನ್ನೂ ಹಸಿವಿದೆ ಎಂದು ನಮ್ಮ ಲೆಕ್ಕ. ಮತ್ತೆ ಹಾಕಿದೆವು. ಮತ್ತೆ ಖಾಲಿ ಮಾಡಿದ. ಬಸಣ್ಣ ಒಂದು ಕಡೆಯಿಂದ ಮಿರ್ಚಿ, ಮೇಷ್ಟ್ರು ಇನ್ನೊಂದು ಕಡೆಯಿಂದ ತುಪ್ಪ. ಅವನ ಮುಖ ಕೆಂಪಾಯಿತು, ಕಿವಿ ಕೆಂಪಾಯಿತು, ‘ನ್ಯೆತ್’ ಎನ್ನುವ ದನಿ ಕ್ಷೀಣಿಸುತ್ತಾ ಬಂತು.

“ಎಷ್ಟು ನಾಚಿಕಿ ನೋಡ್ರಿ ಹುಡುಗನಿಗೆ!” ಎಂದು ಮಾವ ಮೆಚ್ಚಿಕೊಂಡ.

ಕೊನೆಗೆ ಆ ಬಡಪಾಯಿ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, ಗೋಡೆ ಹಿಡಿದುಕೊಂಡು ಎದ್ದು, ಉಸಿರಾಡಲು ಜಾಗ ಹುಡುಕುತ್ತಾ ಗೂಟದ ಹತ್ತಿರ ಹೋದ. ಅಲ್ಲಿ ಕೋಟು ತೂಗುತ್ತಿತ್ತು. ಅದರ ಕಪ್ಪಿಟ್ಟ ಗುಂಡಿಯೊಂದನ್ನು ಹೆಬ್ಬೆರಳಿನಿಂದ ತಿಕ್ಕಿದ. ರಷ್ಯಾದ ಸೈನ್ಯದ ನಕ್ಷತ್ರ ಮೂಡಿತು. ಅವನು ತಟ್ಟನೆ ಮಾವನ ಕಡೆ ತಿರುಗಿ ಏನೋ ಕೇಳಿದ.

ಮಾವ ಪುಸ್ತಕದ ಮಾತುಗಳನ್ನೆಲ್ಲ ಮರೆತಿದ್ದ. ಉಳಿದಿದ್ದವು ಆ ಹಳೆಯ ಲಾರಿ ಮಾತುಗಳು ಮಾತ್ರ. ಹಿಮ ಎಂದ. ಲಾರಿ ಎಂದ. ಬ್ರೆಡ್ಡು ಎಂದು ತನ್ನ ಬಾಯಿ ತೋರಿಸಿದ. ಮಲಗು ಎಂದು ಕಣ್ಣು ಮುಚ್ಚಿ, ಕೋಟನ್ನು ತನ್ನ ಮೈಮೇಲೆ ಹೊದಿಸಿದಂತೆ ಮಾಡಿ ತೋರಿಸಿದ. ಆಮೇಲೆ ಹೊರಟುಹೋದ ಎನ್ನುವಂತೆ ಬಾಗಿಲ ಕಡೆ ಕೈ ಮಾಡಿದ.

ಹಿಮವನ್ನು ವರ್ಷ ವರ್ಷ ಬೆಳೆಸಿದ ಮಾವ ಕೋಟಿನ ವಿಷಯ ಮಾತ್ರ ನಮಗ್ಯಾರಿಗೂ ಹೇಳಿರಲಿಲ್ಲ. ಅದು ಅವನ ಮಿಲಿಟರಿ ಕೋಟಲ್ಲ, ಆ ಡ್ರೈವರನದು.

“ಎದ್ದು ನೋಡಿದ್ರೆ ಇದು ನನ್ನ ಮ್ಯಾಲಿತ್ತು ಕಣ್ಲೇ” ಎಂದ ನನ್ನ ಕಡೆ ತಿರುಗಿ. “ಆ ಚಳಿಯಾಗೆ ಕೋಟಿಲ್ದೆ ಹೋದ. ಊರು ಮುಟ್ಟಿದ್ನೋ ಇಲ್ವೋ.”

ಕ್ಲಾಸಿನಲ್ಲಿ ರಷ್ಯನ್ ಆದವನು ಆ ಕೋಟು ತೊಟ್ಟೇ ಉಣ್ಣಬೇಕೆಂದು ಮಾವ ಯಾಕೆ ಹಟ ಹಿಡಿಯುತ್ತಿದ್ದ ಎಂದು ನನಗೆ ಆಗ ಹೊಳೆಯಿತು. ನಕ್ಕು ನಕ್ಕು ಸಾಕಾಗಿದ್ದ ನನಗೆ ಅಳು ತಡೆಯಲಾಗಲಿಲ್ಲ.

ಆ ರಷ್ಯನ್ ಹುಡುಗ ಗೂಟದಿಂದ ಕೋಟು ಇಳಿಸಿದ. ಅಷ್ಟು ಸೆಕೆಯಲ್ಲಿ ಅದನ್ನು ತೊಟ್ಟ, ಗುಂಡಿಗಳನ್ನೆಲ್ಲ ಹಾಕಿಕೊಂಡ. ಬಂದು ಮತ್ತೆ ಎಲೆಯ ಮುಂದೆ ಕುಳಿತ. ಉಸಿರು ಬಿಡಲೂ ಜಾಗವಿಲ್ಲದ ಆ ಹೊಟ್ಟೆ ಇಟ್ಟುಕೊಂಡು ಮಾವನ ಮುಖ ನೋಡಿ, “ದವಾಯ್” ಎಂದ.

ಊರಿಗೆಲ್ಲ ಒತ್ತಾಯ ಮಾಡಿ ಬಡಿಸುವ ಮಾವನ ಕೈ ಅವತ್ತು ಏಳಲೇ ಇಲ್ಲ. ಅತ್ತೆ ಮಾವನ ಮಣಿಕಟ್ಟು ಹಿಡಿದಳು, ಇಬ್ಬರೂ ಸೇರಿ ಒಂದು ಹೋಳಿಗೆ ಹಾಕಿದರು. ಹುಡುಗ ನಿಧಾನವಾಗಿ, ಒಂದು ಚೂರೂ ಬಿಡದೆ ಉಂಡ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಮೆಲ್ಲಗೆ ಹೇಳಿದಳು: “ಮುಟ್ಟಿದ ಬಿಡ್ರಿ, ಅವನು ಊರು ಮುಟ್ಟಿದ.”